ಕಿವಿಯ ಹವ್ಯಾಸಕ್ಕೆ ಕಣ್ಣಿನ ಕಾವಲು
ಅಂಧ ಹ್ಯಾಮ್‌ಗಳ ರೇಡಿಯೋ ನಿಯಂತ್ರಣ ತಂತ್ರಾಂಶಗಳು: ಒಂದು ವಿಮರ್ಶೆ

ವಿಮರ್ಶೆಯೆಂಬುದು ಕಥೆ, ಕವಿತೆ, ನಾಟಕಗಳಿಗೆ ಮಾತ್ರ ಸಲ್ಲತಕ್ಕ ಮರ್ಯಾದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸಂಘದ ಪತ್ರಿಕೆಗಳಲ್ಲಿ ಪುಸ್ತಕದ ವಿಮರ್ಶೆ ಬರುತ್ತದೆ, ನಾಟಕೋತ್ಸವದ ವಿಮರ್ಶೆ ಬರುತ್ತದೆ, ರಾಜ್ಯೋತ್ಸವದ ಊಟದ ವಿಮರ್ಶೆ ಬಾಯಿಂದ ಬಾಯಿಗೆ ನಡೆಯುತ್ತದೆ. ಆದರೆ ಮನುಷ್ಯನು ದಿನವೂ ಕೈಯಲ್ಲಿ ಹಿಡಿಯುವ ಸಲಕರಣೆಗೂ ಗುಣದೋಷಗಳುಂಟಷ್ಟೆ? ಅದನ್ನು ರೂಪಿಸಿದವನ ಮನಸ್ಸಿನಲ್ಲಿ ಯಾರು ಇದ್ದರು, ಯಾರು ಇರಲಿಲ್ಲ ಎಂಬುದು ಆ ಸಲಕರಣೆಯಲ್ಲೇ ಬರೆದಿರುತ್ತದೆ. ಈ ಸಲ ನಾವು ಅಂಥದೊಂದು ವಸ್ತುವನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ: ಹವ್ಯಾಸಿ ರೇಡಿಯೋವನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶಗಳು, ಅದರಲ್ಲೂ ಕಣ್ಣು ಕಾಣದ ಹವ್ಯಾಸಿಗಳ ಪಾಲಿಗೆ ಅವು ಎಷ್ಟರ ಮಟ್ಟಿಗೆ ಒದಗುತ್ತವೆ ಎಂಬ ಪ್ರಶ್ನೆ.

ವಿಷಯ ಅಪರೂಪದ್ದೆಂದು ವಾಚಕರು ಪುಟ ತಿರುವಬಾರದಾಗಿ ಬಿನ್ನಹ. ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡ ಮನೆಗಳಲ್ಲಿ ತಂತ್ರಾಂಶ ಬರೆದು ಜೀವನ ನಡೆಸುವ ಒಬ್ಬ ಮಗನೋ ಮಗಳೋ ಸೊಸೆಯೋ ಇಲ್ಲದ ಮನೆ ಕಡಿಮೆ. ಈ ಮಾತು ಅವರಿಗೂ ಸಂಬಂಧಿಸಿದ್ದು.

ಹ್ಯಾಮ್ ಎಂದರೆ ಯಾರು?

ಲಾಭದ ಆಸೆಯಿಲ್ಲದೆ, ಕಲಿಯುವ ಮತ್ತು ಮಾತಾಡುವ ಪ್ರೀತಿಯಿಂದ ಸ್ವಂತ ರೇಡಿಯೋ ಕೇಂದ್ರವನ್ನು ಇಟ್ಟುಕೊಂಡವನಿಗೆ ಲೋಕವೆಲ್ಲ ಹ್ಯಾಮ್ ಎನ್ನುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಪಾಸಾಗಿ ಲೈಸೆನ್ಸು ಪಡೆಯಬೇಕು. ಹಾಗೆ ಪಡೆದವರಿಗೆ ವಿಯು ಎಂಬ ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ ಸಿಗುತ್ತದೆ. 2001ರ ಭುಜ್ ಭೂಕಂಪದಲ್ಲಿ, 2004ರ ಡಿಸೆಂಬರಿನ ಸುನಾಮಿಯಲ್ಲಿ ಟೆಲಿಫೋನುಗಳು ಸತ್ತಾಗ ಊರಿಂದೂರಿಗೆ ಸುದ್ದಿ ಮುಟ್ಟಿಸಿದವರಲ್ಲಿ ಈ ಹವ್ಯಾಸಿಗಳಿದ್ದರು.

ಕನ್ನಡಿಗರಿಗೆ ಈ ಮನೋಧರ್ಮ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರೇಷಕವನ್ನಿಟ್ಟು ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದರು. ಅದು ಹ್ಯಾಮ್ ಕೇಂದ್ರವಲ್ಲ, ಪ್ರಸಾರ ಕೇಂದ್ರ, ನಿಜ. ಆದರೆ ಮನೆಯ ಒಂದು ಕೋಣೆಯಿಂದ ಆಕಾಶಕ್ಕೆ ದನಿ ಕಳಿಸುವ ಉತ್ಸಾಹ ಎರಡರಲ್ಲೂ ಒಂದೇ.

ಈ ಹವ್ಯಾಸಕ್ಕೆ ಅಂಧರು ಮೊದಲಿನಿಂದ ಒಲಿದು ಬಂದದ್ದಕ್ಕೆ ಕಾರಣ ಸರಳ. ಇಲ್ಲಿ ಕೆಲಸವೆಲ್ಲ ಕಿವಿಯದು. ಗದ್ದಲದ ನಡುವಿನಿಂದ ಒಂದು ಕ್ಷೀಣವಾದ ದನಿಯನ್ನು ಹೆಕ್ಕಿ ತೆಗೆಯುವುದು, ಮೋರ್ಸ್ ಸಂಕೇತದ ಗಿಡ್ಡ ನೀಳ ಸ್ವರಗಳನ್ನು ಅಕ್ಷರಗಳಾಗಿ ಕೇಳುವುದು. ಇವುಗಳಲ್ಲಿ ಕಣ್ಣುಳ್ಳವನಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ. ಅತ್ತ ಕಡೆಯವನಿಗೆ ಇತ್ತ ಕಡೆಯವನ ಮುಖ ಕಾಣುವುದಿಲ್ಲ. ಸಮಾಜದಲ್ಲಿ ಬೇರೆ ಎಲ್ಲಿಯೂ ಸುಲಭವಾಗಿ ಸಿಗದ ಸಮಾನತೆ ಅಲ್ಲಿ ಕೇಳದೆಯೇ ಸಿಗುತ್ತಿತ್ತು.

ಈ ಸಮಾನತೆಯನ್ನು ಉಳಿಸಿಕೊಳ್ಳಲು ಅವರು ಪಟ್ಟ ಶ್ರಮವೂ ಸಾಮಾನ್ಯವಲ್ಲ. ನ್ಯೂಯಾರ್ಕಿನಲ್ಲಿ ಅಂಧರಿಗೆ ಪಾಠ ಹೇಳುತ್ತಿದ್ದ, ಸ್ವತಃ ಅಂಧರಾಗಿದ್ದ ಬಾಬ್ ಗಂಡರ್ಸನ್ 1950ರ ದಶಕದಲ್ಲಿ ‘ಬ್ರೈಲ್ ಟೆಕ್ನಿಕಲ್ ಪ್ರೆಸ್’ ಎಂಬ ಬ್ರೈಲ್ ಪತ್ರಿಕೆಯನ್ನು ಹೊರಡಿಸುತ್ತಿದ್ದರು. ಮೀಟರಿನ ಮುಳ್ಳನ್ನು ಕಣ್ಣಿನಿಂದ ನೋಡಲಾಗದವರು ಅದನ್ನು ಕಿವಿಯಿಂದ ‘ನೋಡುವ’ ಉಪಾಯ ಆ ಕಾಲದ್ದೇ: ಬ್ರೈಲ್ ಗುರುತುಗಳಿರುವ ಒಂದು ಬಿಲ್ಲೆಯನ್ನು ತಿರುಗಿಸುತ್ತಾ ಹೋಗಬೇಕು, ಕೇಳುತ್ತಿರುವ ಸ್ವರ ಎಲ್ಲಿ ಅಡಗುತ್ತದೋ ಅಲ್ಲಿ ಬೆರಳಿಟ್ಟು ಓದಬೇಕು, ಅದೇ ಮೀಟರಿನ ಅಳತೆ. 1967ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ‘ಹ್ಯಾಂಡಿಹ್ಯಾಮ್’ ಎಂಬ ಕಾರ್ಯಕ್ರಮ ಆರಂಭವಾಗಿ, ಅಂಗವೈಕಲ್ಯವುಳ್ಳವರಿಗೆ ಲೈಸೆನ್ಸಿನ ಪಾಠಗಳನ್ನು ಕಲಿಸತೊಡಗಿತು.

ನಾಬು ಹೋಗಿ ಗಾಜು ಬಂದಿತು

ಹಳೆಯ ರೇಡಿಯೋ ನೆನಪಿರುವವರು ಅದರ ಮುಖವನ್ನು ನೆನೆಯಲಿ. ಒಂದು ಕೆಲಸಕ್ಕೆ ಒಂದು ನಾಬು. ಅಲೆಪಟ್ಟಿ ಬದಲಿಸುವ ನಾಬು ಟಕ್ ಟಕ್ ಎಂದು ಮನೆಮನೆಗೆ ನಿಲ್ಲುತ್ತಿತ್ತು. ಎಷ್ಟು ಟಕ್ಕುಗಳಾದವು ಎಂದು ಎಣಿಸಿದರೆ ಎಲ್ಲಿದ್ದೇವೆಂದು ತಿಳಿಯುತ್ತಿತ್ತು. ಬೆರಳಿಗೆ ಒಂದು ಭೂಗೋಳವಿತ್ತು. ಈಗಿನ ರೇಡಿಯೋಗಳಲ್ಲಿ ನಾಬುಗಳು ಕಡಿಮೆಯಾಗಿ, ನೂರಾರು ಹೊಂದಿಕೆಗಳು ಪರದೆಯ ಪಟ್ಟಿಗಳೊಳಗೆ ಸೇರಿಕೊಂಡಿವೆ. ಆ ಪರದೆಯನ್ನೇ ಮುಟ್ಟಿ ಆರಿಸಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ಕನ್ನಡಿಗರಿಗೆ ಬೆರಳು ಮತ್ತು ಕಿವಿಗಳ ಸಾಮರ್ಥ್ಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಂಡಿತ ಪುಟ್ಟರಾಜ ಗವಾಯಿಗಳಂಥವರು ನುಡಿಸಿದ ಹಾರ್ಮೋನಿಯಂ ಒಂದನ್ನು ತೆಗೆದುಕೊಂಡು, ಅದರ ಬಿಳಿ ಕರಿ ಮನೆಗಳನ್ನೆಲ್ಲ ಕಿತ್ತು ಹಾಕಿ, ಆ ಜಾಗದಲ್ಲಿ ಮನೆಗಳ ಬಣ್ಣದ ಚಿತ್ರವಿರುವ ನುಣ್ಣನೆಯ ಗಾಜೊಂದನ್ನು ಕೂರಿಸಿದರೆ ಏನಾದೀತು? ಸ್ವರ ಅದೇ, ಗಾಳಿ ಅದೇ, ಸಂಗೀತವೂ ಅದೇ. ಆದರೆ ಅಂಧನಾದ ವಾದಕನಿಗೆ ವಾದ್ಯ ಮುಚ್ಚಿದ ಪೆಟ್ಟಿಗೆಯಾಗುತ್ತದೆ. ರೇಡಿಯೋದ ಸಂಗತಿಯಲ್ಲಿ ನಡೆದಿರುವುದು ಇದೇ.

ತಯಾರಕರು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಜಪಾನಿನ ಕೆನ್‌ವುಡ್ ಕಂಪೆನಿ ತನ್ನ ಟಿಎಸ್-480, ಟಿಎಸ್-590 ಮಾದರಿಗಳಿಗೆ ವಿಜಿಎಸ್-1 ಎಂಬ ಮಾತನಾಡುವ ಬಿಲ್ಲೆಯೊಂದನ್ನು ತಂದಿತು. ಅದನ್ನು ಒಳಗೆ ಕೂರಿಸಿದರೆ ಒತ್ತಿದ ಗುಂಡಿಯನ್ನೂ ಆವರ್ತನವನ್ನೂ ರೇಡಿಯೋ ತಾನೇ ಹೇಳುತ್ತದೆ. ಗುಣ ದೊಡ್ಡದು. ದೋಷವೇನೆಂದರೆ ಅದು ಪ್ರತ್ಯೇಕವಾಗಿ ಕೊಳ್ಳಬೇಕಾದ ಸಾಮಾನು. ಕಣ್ಣುಳ್ಳವನಿಗೆ ಪರದೆ ರೇಡಿಯೋದ ಬೆಲೆಯಲ್ಲೇ ಸೇರಿದೆ. ಕಣ್ಣಿಲ್ಲದವನು ಅದೇ ಸುದ್ದಿಗೆ ಮೇಲುಹಣ ತೆರಬೇಕು. 2016ರಲ್ಲಿ ಮಾರುಕಟ್ಟೆಗೆ ಬಂದು ಬಹಳ ಜನಪ್ರಿಯವಾದ ಐಕಾಮ್ ಐಸಿ-7300 ರೇಡಿಯೋದಲ್ಲಿ ಮಾತು ಒಳಗೇ ಇದೆ. ಗುಂಡಿ ಒತ್ತಿದರೆ ಆವರ್ತನ, ವಿಧಾನ, ಸಂಕೇತದ ಬಲ ಇವುಗಳನ್ನು ಹೇಳುತ್ತದೆ. ಆದರೆ ಅದರ ಮುಟ್ಟುಪರದೆಯ ಪಟ್ಟಿಗಳಿಗೆ ಮಾತು ಬಾರದು. ಅಂಗಳದಲ್ಲಿ ದೀಪ ಹಚ್ಚಿ ಮನೆಯೊಳಗೆ ಕತ್ತಲೆಯಿಟ್ಟಂತೆ.

ಇದನ್ನು ಕೇವಲ ಅನುಕೂಲದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಲೈಸೆನ್ಸು ಪಡೆದ ಹವ್ಯಾಸಿ ತನ್ನ ಕೇಂದ್ರಕ್ಕೆ ಕಾನೂನಿನಂತೆ ಜವಾಬ್ದಾರ. ಇಪ್ಪತ್ತು ಮೀಟರಿನ ಪಟ್ಟಿಯೆಂದರೆ 14,000ರಿಂದ 14,350 ಕಿಲೋಹರ್ಟ್ಸ್‌ಗಳವರೆಗೆ. ಅದರಾಚೆ ಪ್ರೇಷಣ ಮಾಡಿದರೆ ತಪ್ಪು. ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯದವನು ಗಡಿಯನ್ನು ಹೇಗೆ ಕಾಯುತ್ತಾನೆ? ಪರೀಕ್ಷೆಯಲ್ಲಿ ಎಲ್ಲರಂತೆ ಪಾಸಾದ ಮನುಷ್ಯ, ಪ್ರತಿ ಸಂಜೆ ಮನೆಯವರನ್ನು ಕರೆದು ‘ಸ್ವಲ್ಪ ಬಂದು ನೋಡು, ಇದು ಯಾವ ಸಂಖ್ಯೆ ತೋರಿಸುತ್ತಿದೆ’ ಎಂದು ಕೇಳಬೇಕಾಗಿ ಬಂದರೆ, ಲೈಸೆನ್ಸು ಅವನ ಹೆಸರಿನಲ್ಲಿದೆ, ಕೇಂದ್ರ ಮಾತ್ರ ಇನ್ನೊಬ್ಬರ ಕಣ್ಣಿನಲ್ಲಿದೆ ಎಂದಂತಾಯಿತು.

ತಂತ್ರಾಂಶ ತೆರೆದ ಬಾಗಿಲು

ಅದೃಷ್ಟಕ್ಕೆ ಇನ್ನೊಂದು ದಾರಿಯಿದೆ. 1980ರ ದಶಕದಿಂದ ಹ್ಯಾಮ್ ರೇಡಿಯೋಗಳ ಬೆನ್ನಿನಲ್ಲಿ ಕಂಪ್ಯೂಟರಿಗೆ ತಂತಿ ಜೋಡಿಸುವ ವ್ಯವಸ್ಥೆ ಬಂದಿತು. ಆ ತಂತಿಯ ಮೇಲೆ ನಡೆಯುವ ಮಾತುಕತೆ ಬಹಳ ಸರಳ. ಕೆನ್‌ವುಡ್ ಪದ್ಧತಿಯಲ್ಲಿ ‘ಎಫ್‌ಎ00014195000;’ ಎಂದು ಕಳಿಸಿದರೆ ರೇಡಿಯೋ 14,195 ಕಿಲೋಹರ್ಟ್ಸ್‌ಗೆ ಹೋಗಿ ಕೂರುತ್ತದೆ. ಬರೀ ‘ಎಫ್‌ಎ;’ ಎಂದು ಕಳಿಸಿದರೆ ‘ಈಗ ಎಲ್ಲಿದ್ದೀಯೆ?’ ಎಂದು ಕೇಳಿದಂತೆ. ಅದು ಸಂಖ್ಯೆಯಲ್ಲಿ ಉತ್ತರ ಕೊಡುತ್ತದೆ. ನೋಡಿ, ಇದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಎಲ್ಲವೂ ಅಕ್ಷರ ಮತ್ತು ಅಂಕಿ. ಅಕ್ಷರವಾಗಿ ಬಂದದ್ದನ್ನು ಕಂಪ್ಯೂಟರು ಓದಿ ಹೇಳಬಲ್ಲದು.

ಹಾಗೆ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರ್ರನ್ ಆರಂಭಿಸಿ, ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ ಎನ್‌ವಿಡಿಎ ಅವುಗಳಲ್ಲಿ ಪ್ರಸಿದ್ಧವಾದುದು. ಇಬ್ಬರೂ ಅಂಧರು, ಕೊಟ್ಟದ್ದು ಉಚಿತವಾಗಿ. ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡಿ ಅರ್ಥ ಮಾಡಿಕೊಳ್ಳುತ್ತದೆಂದು ಹಲವರ ತಿಳಿವಳಿಕೆ. ಮೂಲತಃ ಅದರ ಕೆಲಸ ಬೇರೆ: ‘ಇಲ್ಲೊಂದು ಗುಂಡಿಯಿದೆ, ಇದರ ಹೆಸರು ಇಂಥದು, ಈಗ ಇದು ಒತ್ತಿದ ಸ್ಥಿತಿಯಲ್ಲಿದೆ’ ಎಂದು ಒಂದು ತಂತ್ರಾಂಶ ತಾನಾಗಿ ಹೇಳಿಕೊಂಡದ್ದನ್ನು ಅದು ಎತ್ತಿ ನುಡಿಯುತ್ತದೆ. ಗುಂಡಿಗೆ ಹೆಸರೇ ಇಡದಿದ್ದರೆ ಅದು ‘ಗುಂಡಿ’ ಎಂದಷ್ಟೇ ಹೇಳುತ್ತದೆ. ಗುಂಡಿಯೆಂದು ಸಾರದೆ ಬರಿದೆ ಚಿತ್ರ ಬರೆದಿದ್ದರೆ ಏನೂ ಹೇಳುವುದಿಲ್ಲ.

ಇಷ್ಟು ಹಿನ್ನೆಲೆಯಿಂದ ನಮ್ಮ ವಿಮರ್ಶೆಗೆ ಮೂರು ಒರೆಗಲ್ಲುಗಳನ್ನು ಇಟ್ಟುಕೊಳ್ಳಬಹುದು. ಒಂದು: ತಂತ್ರಾಂಶದ ಪ್ರತಿಯೊಂದು ಅಂಗಕ್ಕೂ ಹೆಸರಿದೆಯೆ? ಎರಡು: ಅದು ಕಿವಿಯನ್ನು ರೇಡಿಯೋಗಾಗಿ ಬಿಟ್ಟುಕೊಡುತ್ತದೆಯೆ? ಮೂರು: ಬರೆದವರು ಇಲ್ಲದಾದ ಮೇಲೂ ಅದು ಬಾಳುತ್ತದೆಯೆ?

ಮುಖ ಚೆಂದ, ಬಾಯಿಲ್ಲ

ಮೊದಲಿಗೆ ಎಲ್ಲರೂ ಬಳಸುವ ಸಾಮಾನ್ಯ ತಂತ್ರಾಂಶಗಳನ್ನು ನೋಡೋಣ. ಎಫ್‌ಎಲ್‌ರಿಗ್ ಮತ್ತು ಎಫ್‌ಎಲ್‌ಡಿಜಿ ಎಂಬ ಜೋಡಿಯನ್ನು ಹವ್ಯಾಸಿಗಳೇ ಬರೆದು ಲೋಕಕ್ಕೆ ಉಚಿತವಾಗಿ ಕೊಟ್ಟಿದ್ದಾರೆ. ಮೊದಲನೆಯದು ರೇಡಿಯೋವನ್ನು ನಡೆಸುತ್ತದೆ, ಎರಡನೆಯದು ಅಕ್ಷರಗಳನ್ನು ಸ್ವರವಾಗಿಸಿ ಆಕಾಶಕ್ಕೆ ಕಳಿಸುತ್ತದೆ, ಬಂದದ್ದನ್ನು ಬಿಡಿಸುತ್ತದೆ. ಕೆಲಸದಲ್ಲಿ ಅಚ್ಚುಕಟ್ಟು; ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತವೆ. ಆದರೆ ಅವುಗಳನ್ನು ಕಟ್ಟಿರುವ ಎಫ್‌ಎಲ್‌ಟಿಕೆ ಎಂಬ ಸಾಮಗ್ರಿ ತನ್ನ ಗುಂಡಿ, ಪಟ್ಟಿಗಳನ್ನೆಲ್ಲ ತಾನೇ ಚಿತ್ರವಾಗಿ ಬರೆದುಕೊಳ್ಳುತ್ತದೆ. ಅವುಗಳ ಹೆಸರನ್ನು ಸ್ಕ್ರೀನ್ ರೀಡರಿಗೆ ಹೇಳುವುದಿಲ್ಲ. ಹಾಗಾಗಿ ಅಂಧ ಹವ್ಯಾಸಿಯ ಮುಂದೆ ಇಡೀ ಕಿಟಕಿ ಮೌನವಾಗಿ ನಿಲ್ಲುತ್ತದೆ. ಬರೆದವರಲ್ಲಿ ಕೆಟ್ಟ ಮನಸ್ಸಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ತಳಪಾಯ ಹಾಕುವ ದಿನ ಕೇಳದೆ ಬಿಟ್ಟ ಪ್ರಶ್ನೆಯನ್ನು ಮಾಳಿಗೆ ಕಟ್ಟಿದ ಮೇಲೆ ಕೇಳಿದರೆ ಉತ್ತರ ದುಬಾರಿಯಾಗುತ್ತದೆ.

ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬುದರ ಕಥೆ ಬೇರೆ. 1993ರ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಅವರ ನೇತೃತ್ವದಲ್ಲಿ ಬೆಳೆದ ತಂತ್ರಾಂಶ ಇದು. ಇದರ ಮೂಲಕ 2017ರಲ್ಲಿ ಬಂದ ಎಫ್‌ಟಿ8 ವಿಧಾನ ಇಂದು ಹವ್ಯಾಸಿ ಪಟ್ಟಿಗಳನ್ನು ತುಂಬಿಕೊಂಡಿದೆ. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಅದು ಹಿಡಿಯುತ್ತದೆ. ಪ್ರತಿ ಸರದಿಗೆ 15 ಸೆಕೆಂಡು. ಜನಸಂದಣಿಯ ವೇಳೆಯಲ್ಲಿ ಆ 15 ಸೆಕೆಂಡಿಗೊಮ್ಮೆ ಹತ್ತಾರು ಸಾಲುಗಳು ಪರದೆಗೆ ಬಂದು ಬೀಳುತ್ತವೆ. ಕಣ್ಣುಳ್ಳವನು ಒಂದು ನೋಟದಲ್ಲಿ ಬೇಕಾದ ಸಾಲನ್ನು ಆರಿಸುತ್ತಾನೆ. ಅದನ್ನು ಸಾಲುಸಾಲಾಗಿ ಓದಿಸಿ ಕೇಳುವವನಿಗೆ ಎರಡೋ ಮೂರೋ ಸಾಲು ಮುಗಿಯುವಷ್ಟರಲ್ಲಿ ಸರದಿ ಕಳೆದಿರುತ್ತದೆ. ಇಲ್ಲಿ ಗುಂಡಿಗೆ ಹೆಸರಿಟ್ಟರಷ್ಟೇ ಸಾಲದು. ಯಾರು ಕರೆಯುತ್ತಿದ್ದಾರೆ, ಅವರಲ್ಲಿ ನಾನು ಇದುವರೆಗೆ ಮಾತಾಡಿಸದವರು ಯಾರು ಎಂದು ಜರಡಿ ಹಿಡಿದು, ಆಯ್ದ ಒಂದೆರಡನ್ನು ಮಾತ್ರ ಮೊದಲು ಹೇಳುವ ಜಾಣತನ ಬೇಕು. ಅದನ್ನು ತಂತ್ರಾಂಶವೇ ಮಾಡಬೇಕು. ಸ್ಕ್ರೀನ್ ರೀಡರಿನ ತಲೆಗೆ ಕಟ್ಟುವಂತಿಲ್ಲ.

ಬಾಯಿ ಇದೆ, ಬಂಧುಬಳಗವಿಲ್ಲ

ಎರಡನೆಯ ಗುಂಪು ಅಂಧ ಹವ್ಯಾಸಿಗಳನ್ನೇ ಮನಸ್ಸಿನಲ್ಲಿಟ್ಟು ಬರೆದವು. ಅಮೆರಿಕದ ಒಬ್ಬ ಹವ್ಯಾಸಿ ಬರೆದ ಜೆಜೆರೇಡಿಯೋ ಈ ಬಗೆಯದು. ರೇಡಿಯೋದ ನಿಯಂತ್ರಣ, ಯಾರೊಡನೆ ಯಾವಾಗ ಮಾತಾಡಿದೆವೆಂಬ ದಾಖಲೆ ಎರಡೂ ಒಂದೆಡೆ ಇವೆ. ಎಲ್ಲವೂ ಕೀಲಿಮಣೆಯಿಂದ, ಎಲ್ಲವೂ ಹೆಸರಿನಿಂದ. ಮುಂಭಾಗದಲ್ಲಿ ನಾಬುಗಳೇ ಇಲ್ಲದ, ಕಂಪ್ಯೂಟರಿನಿಂದಲೇ ನಡೆಸಬೇಕಾದ ಫ್ಲೆಕ್ಸ್-6000 ಸರಣಿಯ ರೇಡಿಯೋಗಳಿಗೆ ಇದರ ಕವಲಾಗಿ ಜೆಜೆಫ್ಲೆಕ್ಸ್‌ರೇಡಿಯೋ ಬಂದಿತು. ನಾಬಿಲ್ಲದ ರೇಡಿಯೋ ಅಂಧನಿಗೆ ಕೊನೆಯ ಬಾಗಿಲು ಮುಚ್ಚಿದಂತೆಂದು ಯಾರೂ ಭಾವಿಸಬಹುದು. ಆದರೆ ಆ ಕಂಪೆನಿ ರೇಡಿಯೋದೊಡನೆ ಮಾತಾಡುವ ಭಾಷೆಯನ್ನು ಬಚ್ಚಿಡದೆ ಪ್ರಕಟಿಸಿದ್ದರಿಂದ, ಹೊರಗಿನವರೊಬ್ಬರು ಬಂದು ಅದಕ್ಕೆ ಬಾಯಿ ಕೊಡಲು ಸಾಧ್ಯವಾಯಿತು. ನಮ್ಮ ವಿಮರ್ಶೆಯ ಪಾಲಿಗೆ ಇದು ಮುಖ್ಯ ಸಾಕ್ಷ್ಯ: ಬಾಗಿಲು ಮುಚ್ಚುವುದು ನಾಬು ಇಲ್ಲದ್ದರಿಂದಲ್ಲ, ಭಾಷೆ ಗುಟ್ಟಾಗಿದ್ದರೆ.

ಇಂಥ ತಂತ್ರಾಂಶಗಳನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಮೂರನೆಯ ಒರೆಗಲ್ಲಿನಲ್ಲಿ ಇವುಗಳ ಬಣ್ಣ ಮಸುಕಾಗುತ್ತದೆ. ಒಬ್ಬನ ಬಿಡುವಿನ ವೇಳೆ, ಒಬ್ಬನ ಆರೋಗ್ಯ, ಒಬ್ಬನ ಆಸಕ್ತಿ. ಇವುಗಳ ಮೇಲೆ ಹತ್ತಾರು ಊರುಗಳ ಕೇಂದ್ರಗಳು ನಿಂತಿರುತ್ತವೆ. ತಯಾರಕರು ರೇಡಿಯೋದ ಒಳ ತಂತ್ರಾಂಶವನ್ನು ಬದಲಿಸಿದರೆ, ವಿಂಡೋಸ್ ಹೊಸ ಆವೃತ್ತಿ ಬಂದರೆ, ಸರಿಪಡಿಸಲು ಆ ಒಬ್ಬನೇ ಬೇಕು. ಬೆಂಬಲಿಸುವ ಮಾದರಿಗಳೂ ಕೆಲವೇ. ‘ಅಂಧರಿಗಾಗಿ ಪ್ರತ್ಯೇಕ’ ಎಂಬ ವ್ಯವಸ್ಥೆಯ ಸಂಕಟವೇ ಇದು. ಊರ ಬಾವಿಯಲ್ಲಿ ನೀರು ಸೇದಲಾಗದವನಿಗೆ ಪುಣ್ಯಾತ್ಮನೊಬ್ಬ ದಿನವೂ ಕೊಡ ತುಂಬಿ ತಂದುಕೊಡುವುದು ಪುಣ್ಯದ ಕೆಲಸವೇ ಸರಿ; ಆದರೆ ಬಾವಿಗೆ ಮೆಟ್ಟಿಲು ಕಟ್ಟುವುದು ಊರಿನ ಕೆಲಸ.

ಮಾತಿಲ್ಲದ ಪಂಡಿತ

ಮೂರನೆಯದು ಮೇಲ್ನೋಟಕ್ಕೆ ಎಲ್ಲಕ್ಕಿಂತ ಒರಟು. ಹ್ಯಾಮ್‌ಲಿಬ್ ಎಂಬ ತಂತ್ರಾಂಶ ಭಂಡಾರ 2000ದಲ್ಲಿ ಆರಂಭವಾಗಿ, ಇಂದು ಇನ್ನೂರಕ್ಕೂ ಹೆಚ್ಚು ಮಾದರಿಯ ರೇಡಿಯೋಗಳ ಭಾಷೆಯನ್ನು ಬಲ್ಲದು. ಕೆನ್‌ವುಡ್‌ಗೆ ಒಂದು ಭಾಷೆ, ಐಕಾಮ್‌ಗೆ ಇನ್ನೊಂದು. ಅವೆಲ್ಲವನ್ನೂ ಒಂದೇ ಮಾತಿಗೆ ಇಳಿಸುತ್ತದೆ. ಇದರ ಜೊತೆಗಿರುವ ರಿಗ್‌ಸಿಟಿಎಲ್ ಎಂಬ ಪುಟ್ಟ ತಂತ್ರಾಂಶಕ್ಕೆ ಕಿಟಕಿಯೂ ಇಲ್ಲ, ಚಿತ್ರವೂ ಇಲ್ಲ. ಚಿಕ್ಕ ‘ಎಫ್’ ಬರೆದರೆ ಈಗಿನ ಆವರ್ತನ ಹೇಳುತ್ತದೆ. ದೊಡ್ಡ ‘ಎಫ್’ ಬರೆದು ಸಂಖ್ಯೆ ಕೊಟ್ಟರೆ ಅಲ್ಲಿಗೆ ಹೋಗುತ್ತದೆ. ಬರೀ ಅಕ್ಷರದ ಸಾಲಾದ್ದರಿಂದ ಸ್ಕ್ರೀನ್ ರೀಡರಿಗೆ ಇದಕ್ಕಿಂತ ಸುಲಭದ ಪಾಠವಿಲ್ಲ.

ವಿಚಿತ್ರವೆಂದರೆ, ಮೇಲೆ ಹೇಳಿದ ಎಫ್‌ಎಲ್‌ಡಿಜಿ, ಡಬ್ಲ್ಯುಎಸ್‌ಜೆಟಿ-ಎಕ್ಸ್‌ಗಳೂ ರೇಡಿಯೋವನ್ನು ನಡೆಸಲು ಇದೇ ಹ್ಯಾಮ್‌ಲಿಬ್‌ನ ನೆರವು ಪಡೆಯುತ್ತವೆ. ಎಂದರೆ ಒಳಗಿನ ಅಡಿಗೆಯವನೊಬ್ಬನೇ, ಬಡಿಸುವ ಎಲೆ ಬೇರೆ. ಅಂಧನಿಗೆ ಅಡ್ಡವಾಗಿರುವುದು ಯಂತ್ರವಲ್ಲ, ಯಂತ್ರಕ್ಕೆ ತೊಡಿಸಿದ ಮುಖವಾಡ ಎಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಇದರ ದೋಷವನ್ನೂ ಹೇಳಬೇಕು. ದೂರದ ದೇಶದವನೊಬ್ಬ ಕರೆಯುತ್ತಿರುವಾಗ ಹತ್ತು ಅಂಕಿಗಳನ್ನು ಟೈಪು ಮಾಡುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಒಂದು ಕೀಲಿಗೆ ಒಂದು ಕೆಲಸವೆಂದು ಕಟ್ಟಿಕೊಡುವ ತೆಳುವಾದ ಹೊದಿಕೆಯೊಂದು ಬೇಕಾಗುತ್ತದೆ. ಅದನ್ನು ಬರೆದುಕೊಳ್ಳುವ ಹೊರೆ ಬಳಸುವವನ ಮೇಲೆಯೇ ಬೀಳುತ್ತದೆ. ಆದರೆ ಈ ಭಂಡಾರ ಅನೇಕರ ಕೈಯಿಂದ ಬೆಳೆಯುತ್ತಿರುವುದು, ಮೂಲ ಬರವಣಿಗೆ ಎಲ್ಲರಿಗೂ ತೆರೆದಿರುವುದು. ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬನು ಎತ್ತಿಕೊಳ್ಳಬಹುದು. ಬಾಳಿಕೆಯ ಒರೆಗಲ್ಲಿನಲ್ಲಿ ಇದಕ್ಕೇ ಮೊದಲ ಅಂಕ.

ಇಲ್ಲೇ ಓಪನ್‌ಜಿಡಿ77 ಎಂಬುದನ್ನೂ ಹೆಸರಿಸಬೇಕು. ಇದು ಕಂಪ್ಯೂಟರಿನಲ್ಲಿ ಓಡುವುದಲ್ಲ. ಕೆಲವು ಬಗೆಯ ಕೈರೇಡಿಯೋಗಳ ಒಳಗೆ, ತಯಾರಕರ ತಂತ್ರಾಂಶದ ಬದಲಿಗೆ ಹಾಕಿಕೊಳ್ಳುವಂಥದು. ಹವ್ಯಾಸಿಗಳು ಬರೆದ ಈ ತಂತ್ರಾಂಶದಲ್ಲಿ ಪಟ್ಟಿಗಳೂ ಹೊಂದಿಕೆಗಳೂ ಬಾಯಿಬಿಟ್ಟು ಹೇಳುತ್ತವೆ. ಜೇಬಿನಲ್ಲಿಟ್ಟುಕೊಳ್ಳುವ ಸಣ್ಣ ರೇಡಿಯೋದೊಳಗೆ ಹವ್ಯಾಸಿಗಳು ಕೂರಿಸಲಾದ ಮಾತನ್ನು ಮೇಜಿನ ಮೇಲಿನ ದೊಡ್ಡ ರೇಡಿಯೋದ ಪಟ್ಟಿಗಳಿಗೆ ಕೂರಿಸಲಾಗದೆಂದು ತಯಾರಕರು ಹೇಳಿದರೆ ನಂಬುವುದು ಕಷ್ಟ.

ಕಿವಿ ಒಂದೇ, ಕೆಲಸ ಎರಡು

ಎರಡನೆಯ ಒರೆಗಲ್ಲನ್ನು ನಾವು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವುಂಟು; ಕಣ್ಣುಳ್ಳ ತಂತ್ರಾಂಶ ಕರ್ತರಿಗೆ ಸುಲಭವಾಗಿ ಹೊಳೆಯದ ಸೂಕ್ಷ್ಮ ಇದು. ಎಲ್ಲವನ್ನೂ ಮಾತಾಡಿಸಿದರೆ ಸಮಸ್ಯೆ ಮುಗಿಯಿತೆಂದು ಅವರು ಭಾವಿಸುತ್ತಾರೆ. ಆದರೆ ಅಂಧ ಹವ್ಯಾಸಿಗೆ ಕಿವಿಯೇ ರೇಡಿಯೋ ಕೇಳಬೇಕು, ಕಿವಿಯೇ ಪರದೆಯನ್ನೂ ಓದಬೇಕು. ಕ್ಷೀಣ ದನಿಯೊಂದನ್ನು ಹಿಡಿಯಲು ಉಸಿರು ಬಿಗಿಹಿಡಿದು ಕೂತಾಗ ಕಂಪ್ಯೂಟರು ‘ಹದಿನಾಲ್ಕು ಬಿಂದು ಒಂದು ಒಂಬತ್ತು’ ಎಂದು ವಟಗುಟ್ಟಿದರೆ ಆ ದನಿ ಕೈತಪ್ಪಿದಂತೆಯೇ.

ಆದ್ದರಿಂದ ಒಳ್ಳೆಯ ತಂತ್ರಾಂಶ ಕೇಳಿದಾಗ ಮಾತ್ರ ಮಾತಾಡಬೇಕು. ಹೇಳುವುದನ್ನು ಚಿಕ್ಕದಾಗಿ ಹೇಳಬೇಕು. ತಟ್ಟನೆ ಬಾಯಿ ಮುಚ್ಚಿಸಲು ಒಂದು ಕೀಲಿ ಇರಬೇಕು. ರೇಡಿಯೋ ಒಂದು ಕಿವಿಗೆ, ಮಾತು ಇನ್ನೊಂದು ಕಿವಿಗೆ ಎಂದು ಬೇರ್ಪಡಿಸುವ ಅನುಕೂಲ ಬೇಕು. ಸದಾ ಏರಿಳಿಯುವ ಮೀಟರಿನ ಅಳತೆಯನ್ನು ಸಂಖ್ಯೆಯಾಗಿ ಹೇಳುವುದಕ್ಕಿಂತ, ಏರಿದಾಗ ಏರುವ, ಇಳಿದಾಗ ಇಳಿಯುವ ಸ್ವರವಾಗಿ ಕೇಳಿಸುವುದು ಎಷ್ಟೋ ಮೇಲು. ಆಂಟೆನಾ ಹೊಂದಿಸುವಾಗ ಸಂಖ್ಯೆ ಯಾರಿಗೆ ಬೇಕು? ಅತಿ ಕಡಿಮೆ ಎಲ್ಲಿ ಎಂಬುದಷ್ಟೇ ಬೇಕು. ಗಂಡರ್ಸನ್‌ರ ಕಾಲದ ಉಪಾಯವೂ ಇದೇ ಅಲ್ಲವೆ, ಸ್ವರ ಅಡಗುವ ಜಾಗದಲ್ಲಿ ಬೆರಳಿಡುವುದು? ಅಮೆರಿಕದ ಎಲೆಕ್ರಾಫ್ಟ್ ಕಂಪೆನಿಯ ಕೆಲವು ರೇಡಿಯೋಗಳು ಗುಂಡಿ ಒತ್ತಿದಾಗ ಅದರ ಕೆಲಸವನ್ನು ಮೋರ್ಸ್ ಸಂಕೇತದಲ್ಲೇ ತಿಳಿಸುವ ಏರ್ಪಾಡನ್ನು ಹೊಂದಿವೆ. ಹವ್ಯಾಸಿಗೆ ಮೋರ್ಸ್ ಮಾತೃಭಾಷೆಯಂತೆ. ಒಂದೆರಡು ಅಕ್ಷರಗಳಲ್ಲಿ ವಿಷಯ ಮುಗಿಯುತ್ತದೆ. ಹೊಸ ತಂತ್ರಾಂಶಗಳು ಹಳೆಯ ಹವ್ಯಾಸಿಗಳಿಂದ ಕಲಿಯಬೇಕಾದ ಪಾಠಗಳು ಇನ್ನೂ ಉಳಿದಿವೆ.

ಒಂದು ಆಕ್ಷೇಪಣೆ

ಅಂಧ ಹವ್ಯಾಸಿಗಳು ಎಷ್ಟು ಜನ, ಅವರಿಗಾಗಿ ಇಷ್ಟು ತೊಂದರೆ ಏಕೆ, ಅದರಲ್ಲೂ ಉಚಿತವಾಗಿ ಬರೆದುಕೊಡುವವರನ್ನು ದೂರುವುದು ಸರಿಯೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಗಾದೆಯೂ ಇದೆ.

ನಮ್ಮ ಉತ್ತರ ಹೀಗಿದೆ. ಗುಂಡಿಗೆ ಹೆಸರಿಡುವುದು ಮೊದಲ ದಿನ ಒಂದು ಸಾಲಿನ ಕೆಲಸ. ಹೆಸರಿಲ್ಲದೆ ಹತ್ತು ವರ್ಷ ಬೆಳೆದದ್ದಕ್ಕೆ ಹೆಸರಿಡುವುದು ಹೊಸದಾಗಿ ಬರೆದಷ್ಟೇ ಕೆಲಸ. ಆದ್ದರಿಂದ ಇದು ದಾನದ ಪ್ರಶ್ನೆಯಲ್ಲ, ಕಸುಬಿನ ಅಚ್ಚುಕಟ್ಟಿನ ಪ್ರಶ್ನೆ. ಮೇಲಾಗಿ ವಯಸ್ಸಾದಂತೆ ಕಣ್ಣು ಮಂಜಾಗುವುದು ಎಲ್ಲರಿಗೂ ಕಾದಿರುವ ಸಂಗತಿ. ಇಂದು ಬರೆಯುವವನೇ ನಾಳೆ ಈ ಬಾಗಿಲಲ್ಲಿ ನಿಲ್ಲಬಹುದು.

ಕಾನೂನೂ ಇತ್ತಲೇ ಮುಖ ಮಾಡಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಕಲಮು ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನ ಅವರ ಕೈಗೆಟುಕುವಂತಿರಬೇಕೆನ್ನುತ್ತದೆ. ಭಾರತೀಯ ಮಾನಕ ಬ್ಯೂರೋ ಇದಕ್ಕಾಗಿಯೇ ಐಎಸ್ 17802 ಎಂಬ ಮಾನಕವನ್ನು 2021-22ರಲ್ಲಿ ಎರಡು ಭಾಗಗಳಾಗಿ ಹೊರಡಿಸಿತು. ಕಾಗದದ ಮೇಲಿನ ಕಾನೂನು ಮೇಜಿನ ಮೇಲೆ ಬರಲು ಎಷ್ಟು ದಿನ ಹಿಡಿಯುತ್ತದೆಂಬುದು ಗುಮಾಸ್ತೆಗಿರಿಯಲ್ಲಿ ಅರ್ಧ ಆಯುಷ್ಯ ಕಳೆದ ನಮಗೆ ಹೊಸದಾಗಿ ಹೇಳಬೇಕಾದುದಲ್ಲ. ನಾವು ಕೆಲಸ ಮಾಡಿದ ಕಛೇರಿಯೊಂದರಲ್ಲಿ ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರಿದ್ದರು. ಕೀಲಿಮಣೆಯಲ್ಲಿ ಅವರ ವೇಗ ನಮ್ಮೆಲ್ಲರಿಗಿಂತ ಹೆಚ್ಚು. ಆದರೆ ಸುತ್ತೋಲೆಗಳು ಮೊದಲು ಕಂಪ್ಯೂಟರಿನಲ್ಲಿ ಟೈಪಾಗಿ, ಆಮೇಲೆ ಅಚ್ಚಾಗಿ, ರುಜುವಾಗಿ, ಕೊನೆಗೆ ಛಾಯಾಚಿತ್ರವಾಗಿ ಅವರ ಮೇಜಿಗೆ ಬರುತ್ತಿದ್ದವು. ಅಕ್ಷರವಾಗಿ ಹುಟ್ಟಿದ್ದು ಚಿತ್ರವಾಗಿ ಮುಟ್ಟುತ್ತಿತ್ತು. ಅವರ ಸ್ಕ್ರೀನ್ ರೀಡರು ‘ಖಾಲಿ ಪುಟ’ ಎನ್ನುತ್ತಿತ್ತು. ರೇಡಿಯೋದಲ್ಲೂ ಕಛೇರಿಯಲ್ಲೂ ರೋಗ ಒಂದೇ.

ಕನ್ನಡದ ಅಂಗಳದಲ್ಲೂ ಅದೇ ರೋಗವಿದೆ. ಅನೇಕ ಕನ್ನಡ ಪ್ರಕಟಣೆಗಳು ಈಗಲೂ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾಗುತ್ತವೆ. ಕಣ್ಣಿಗೆ ಅದು ಮುತ್ತಿನಂಥ ಕನ್ನಡ. ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎನ್‌ವಿಡಿಎ ಜೊತೆಗೆ ಬರುವ ಇಸ್ಪೀಕ್ ಎಂಬ ಧ್ವನಿಯಂತ್ರಕ್ಕೆ ಕನ್ನಡ ಓದಲು ಬರುತ್ತದೆ. ಉಚ್ಚಾರ ಒರಟಾದರೂ ಅರ್ಥಕ್ಕೆ ಕೊರತೆಯಿಲ್ಲ. ಅದಕ್ಕೆ ಓದಲು ನಿಜವಾದ ಅಕ್ಷರವನ್ನು ಕೊಡಬೇಕಾದವರು ನಾವು.

ಕೊನೆಯ ಮಾತು

ಮೂರೂ ಒರೆಗಲ್ಲಿಗೆ ಉಜ್ಜಿದ ಮೇಲೆ ನಮ್ಮ ತೀರ್ಪು ಹೀಗೆ. ಸಾಮಾನ್ಯ ತಂತ್ರಾಂಶಗಳು ಸಾಮರ್ಥ್ಯದಲ್ಲಿ ಮುಂದು, ಮಾತಿನಲ್ಲಿ ಹಿಂದು. ವಿಶೇಷ ತಂತ್ರಾಂಶಗಳು ಮಾತಿನಲ್ಲಿ ಮುಂದು, ಬಾಳಿಕೆಯಲ್ಲಿ ಹಿಂದು. ತೆರೆದ ಭಾಷೆ ಮತ್ತು ಸರಳ ಅಕ್ಷರಗಳನ್ನು ನಂಬಿದ ಹ್ಯಾಮ್‌ಲಿಬ್‌ನಂಥವು ಒರಟಾದರೂ ತಳಪಾಯವಾಗಲು ತಕ್ಕವು. ಅಂಧರಿಗೆ ಬೇಕಾಗಿರುವುದು ಇನ್ನೊಂದು ಪ್ರತ್ಯೇಕ ಕೋಣೆಯಲ್ಲ. ಎಲ್ಲರೂ ಕೂರುವ ಪಡಸಾಲೆಗೆ ಅವರೂ ಯಾರನ್ನೂ ಕೂಗದೆ ಬರುವಂಥ ಬಾಗಿಲು.

ತಂತ್ರಾಂಶ ಬರೆಯುವ ನಮ್ಮ ಸಂಘದ ಯುವಕ ಯುವತಿಯರಲ್ಲಿ ಒಂದೇ ಕೋರಿಕೆ. ಬರೆದು ಮುಗಿದ ಮೇಲೆ ಪರದೆಯನ್ನು ಆರಿಸಿ, ಮೌಸನ್ನು ಪಕ್ಕಕ್ಕಿಟ್ಟು, ಉಚಿತವಾಗಿ ಸಿಗುವ ಸ್ಕ್ರೀನ್ ರೀಡರೊಂದನ್ನು ಹಾಕಿಕೊಂಡು, ನಿಮ್ಮದೇ ತಂತ್ರಾಂಶವನ್ನು ಒಂದು ಗಂಟೆ ನಡೆಸಿ ನೋಡಿ. ಒಂದು ಗಂಟೆಯ ಕತ್ತಲೆಯಿಂದ ಅಂಧರ ಅನುಭವ ಬಂದಿತೆಂದು ಭಾವಿಸಬೇಡಿ. ಅದಕ್ಕೆ ಅವರನ್ನೇ ಕರೆದು ಕೇಳಬೇಕು. ಆದರೆ ಎಲ್ಲೆಲ್ಲಿ ಹೆಸರಿಡುವುದನ್ನು ಬಿಟ್ಟಿದ್ದೀರಿ ಎಂಬುದು ಆ ಗಂಟೆಯಲ್ಲಿ ತಪ್ಪದೆ ತಿಳಿಯುತ್ತದೆ. ಹವ್ಯಾಸಿ ರೇಡಿಯೋದಲ್ಲಿ ಆಸಕ್ತಿಯುಳ್ಳವರು ಹ್ಯಾಮ್‌ಲಿಬ್‌ಗೆ ಒಂದು ತೆಳುವಾದ, ಮಾತಾಡುವ ಹೊದಿಕೆ ಬರೆಯಲಿ. ಅದರ ಕೈಪಿಡಿಯನ್ನು ಕನ್ನಡದಲ್ಲಿ, ಯೂನಿಕೋಡ್ ಅಕ್ಷರದಲ್ಲಿ ಸಿದ್ಧಪಡಿಸಲಿ. ಎರಡು ಮೂರು ಜನ ಕೂಡಿದರೆ ಆಗುವ ಕೆಲಸ ಇದು, ಮತ್ತು ಒಬ್ಬರು ಊರು ಬಿಟ್ಟು ಹೋದರೂ ಇನ್ನೊಬ್ಬರು ಮುಂದುವರಿಸಬಹುದಾದ ಕೆಲಸ.